ಕಂದಾಚಾರದ ತಾತನ ಕಲ್ಲು

೨೦೦೭ರ ಆಗಸ್ಟ್ ತಿಂಗಳಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದವು. ಅದೇ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚಿನ ಭಾನುವಾರ, ಮಾಗಡಿ ತಾಲ್ಲೂಕಿನ ನಮ್ಮ ಊರಿನಲ್ಲಿ ದೊಡ್ಡಪ್ಪನ ಹೊಲದ ಬದುವಿನ ಮೇಲೆ ತಲೆಮಾರುಗಳಿಂದ ನಿಂತಿದ್ದ ಒಂದು ಕಲ್ಲನ್ನು ಎರಡು ಮನೆಯವರು ಸೇರಿ ಕಿತ್ತರು. ಮಾರನೆಯ ದಿನ ಆ ಜಾಗದಲ್ಲಿ ಕಾರ್ಖಾನೆಯ ಕಾಂಪೌಂಡಿಗೆ ಪಾಯ ತೋಡಿದರು.

ಮೊದಲನೆಯ ಸುದ್ದಿಯನ್ನು ನಾನು ಪತ್ರಿಕೆಗೆ ಬರೆದೆ. ಆಗ ರಾಮನಗರದಲ್ಲಿ ವರದಿಗಾರನಾಗಿದ್ದೆ. ಎರಡನೆಯದನ್ನು ಬರೆಯಲಿಲ್ಲ. ಅದು ಮನೆಯ ವಿಷಯ. ಈಗ ಬರೆಯುತ್ತಿದ್ದೇನೆ.

ಆ ಕಲ್ಲನ್ನು ನಮ್ಮ ಮನೆಯಲ್ಲಿ ಕಂದಾಚಾರದ ತಾತ ಎನ್ನುತ್ತಿದ್ದರು. ಹಳೇ ಮೈಸೂರು ಸೀಮೆಯಲ್ಲಿ ಕಂದಾಚಾರವೆಂದರೆ ಊರೂರಿನಿಂದ ಎತ್ತಿದ ಕಾಲಾಳುಗಳ ದಂಡು. ಮಳೆ ಬಿದ್ದಾಗ ಹೊಲ ಉಳುವುದು, ಕರೆ ಬಂದಾಗ ಕತ್ತಿ ಕೋವಿ ಹಿಡಿದು ಕೋಟೆ ಕಾಯುವುದು. ಪೂರ್ತಿ ಸಿಪಾಯಿಗಳೂ ಅಲ್ಲ, ಪೂರ್ತಿ ರೈತರೂ ಅಲ್ಲ. ನಮ್ಮ ಮೂಲಪುರುಷ ಅಂಥವರಲ್ಲಿ ಒಬ್ಬ. ತಾತ ಎಂದು ಕರೆದರೂ ಆತ ನಮಗೆ ಎಷ್ಟು ತಲೆ ಹಿಂದಿನವನು ಎಂದು ಖಚಿತವಾಗಿ ಹೇಳಬಲ್ಲವರು ಮನೆಯಲ್ಲಿ ಇರಲಿಲ್ಲ. ೧೭೯೧ರ ಡಿಸೆಂಬರಿನಲ್ಲಿ ಇಂಗ್ಲಿಷರ ಸೈನ್ಯ ಸಾವನದುರ್ಗವನ್ನು ಹಿಡಿಯಿತು ಎನ್ನುವುದು ಇತಿಹಾಸದಲ್ಲಿದೆ. ಆಗ ನಮ್ಮ ತಾತ ಆ ಬೆಟ್ಟದ ಮೇಲಿದ್ದ ಎನ್ನುವುದು ಮನೆಯ ಮಾತು. ಅದಕ್ಕೆ ದಾಖಲೆ ಇಲ್ಲ. ದೊಡ್ಡಪ್ಪನ ಹೊಲದಲ್ಲಿ ನಿಂತರೆ ಸಾವನದುರ್ಗದ ಬಂಡೆ ಕಣ್ಣೆದುರಿಗೇ ಕಾಣುತ್ತದೆ. ಅದನ್ನು ದಾಖಲೆ ಎನ್ನಲಾಗದು.

ಈ ಕಥೆಯನ್ನು ಹೇಳುತ್ತಿದ್ದವರು ಅತ್ತೆ. ನಮ್ಮ ತಂದೆಗೂ ದೊಡ್ಡಪ್ಪನಿಗೂ ಅಕ್ಕ. ಕನಕಪುರದ ಕಡೆಗೆ ಕೊಟ್ಟಿದ್ದರು. ಹಿರಿಯರ ಹಬ್ಬಕ್ಕೆ ತಪ್ಪದೆ ತವರಿಗೆ ಬಂದು, ಎಲೆ ಅಡಿಕೆ ಹಾಕಿಕೊಂಡು, ರಾಗಿ ಹುರಿಯುತ್ತಾ ಹೇಳುತ್ತಿದ್ದರು. ಅವರು ಕಥೆಗೆ ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ. ನಾನು ವರದಿಗಾರನಾದ ಮೇಲೆ ಬೇಕೆಂದೇ ಅಡ್ಡಪ್ರಶ್ನೆ ಕೇಳಿದ್ದೇನೆ. "ಅದು ನಂಗೊತ್ತಿಲ್ಲ" ಎಂದು ಅವರು ಹೇಳುತ್ತಿದ್ದಷ್ಟು ಸಲೀಸಾಗಿ ಹೇಳುವ ಅಧಿಕಾರಿಯನ್ನು ನಾನು ನೋಡಿಲ್ಲ.

ಕಥೆ ಇಷ್ಟು. ಬೆಟ್ಟ ಕೈಬಿಟ್ಟ ದಿನ ತಾತನ ತೊಡೆಗೆ ಏಟು ಬಿತ್ತು. ನಡೆಯಲಾಗದೆ ಬಂಡೆಯ ಸಂದಿಯಲ್ಲಿ ಬಿದ್ದಿದ್ದ. ಅವನ ಜೊತೆ ಕಾವಲಿಗಿದ್ದ ಸಾಬರವನು ಅವನನ್ನು ಬೆನ್ನ ಮೇಲೆ ಹೊತ್ತು, ಬಿದಿರು ಮೆಳೆಯ ಕಾಡಿನಲ್ಲಿ ಇಳಿಸಿಕೊಂಡು ಅರ್ಕಾವತಿ ದಾಟಿಸಿದ. ದಾರಿಯುದ್ದಕ್ಕೂ ಇಬ್ಬರೂ ತಿಂದದ್ದು ಸೊಂಟದ ಚೀಲದಲ್ಲಿದ್ದ ರಾಗಿ ಹುರಿಹಿಟ್ಟು, ಹೊಳೆಯ ನೀರಿನಲ್ಲಿ ಕಲಸಿಕೊಂಡು. ಗಾಯ ಮಾದ ಮೇಲೆ ತಾತ ಊರಿಗೆ ಬಂದ. ರಾಜ್ಯ ಬದಲಾಯಿತು. ಹೊಸ ಸರ್ಕಾರವೂ ಕಂದಾಚಾರಕ್ಕೆ ಕರೆಯಿತು, ಕುಂಟುತ್ತಲೇ ಹೋದ. ಆ ಚಾಕರಿಗೆ ಕೊಟ್ಟ, ಮಳೆ ನಂಬಿದ ಬೆದ್ದಲು ಹೊಲವೇ ನಮ್ಮ ಹೊಲ. ಸಾಬರವನು ರಾಮನಗರದಲ್ಲಿ ನೆಲೆ ನಿಂತ. ಅವನ ಮನೆತನದವರು ಈಗ ಅಲ್ಲಿ ರೇಷ್ಮೆ ನೂಲು ಬಿಚ್ಚುವ ರೀಲರ್‌ಗಳು.

ನಮ್ಮ ಮನೆ ಈ ಉಪಕಾರವನ್ನು ಎರಡು ಕಟ್ಟಳೆಗಳಲ್ಲಿ ಇಟ್ಟುಕೊಂಡಿತ್ತು. ಮೊದಲನೆಯದು ಎಡೆ. ಮಹಾಲಯ ಅಮಾವಾಸ್ಯೆಯ ದಿನ ಹೊಲದ ಕಲ್ಲಿಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ಅದರ ಮುಂದೆ ಎರಡು ಎಲೆ ಹಾಕುತ್ತಿದ್ದರು. ತಾತನ ಎಲೆಗೆ ಮುದ್ದೆ, ಬಾಡಿನ ಸಾರು, ಹುರಿಹಿಟ್ಟು, ಒಂದು ಲೋಟ ಹೆಂಡ. ಜೊತೆಗಾರನ ಎಲೆಗೆ ಹೆಂಡ ಬಿಟ್ಟು ಉಳಿದೆಲ್ಲ. ಜೊತೆಗಾರ ಉಣ್ಣುವಂತಿರಬೇಕೆಂದು ಆ ದಿನದ ಮರಿಯನ್ನು ಸಾಬರ ಮನೆಯವರೇ ಬಂದು ಕುಯ್ಯಬೇಕು. ಅವರು ಬರುವವರೆಗೆ ಒಲೆಗೆ ಬಾಡಿನ ಪಾತ್ರೆ ಏರುವುದಿಲ್ಲ. ಪ್ರತಿ ವರ್ಷ ಬರುತ್ತಿದ್ದ ದೊಡ್ಡ ಸಾಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಬಿಳಿ ಗಡ್ಡ, ಎತ್ತರದ ಆಳು. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದು, ಕೈಕಾಲು ತೊಳೆದು, ತಮ್ಮದೇ ಚಾಕು ತೆಗೆಯುತ್ತಿದ್ದರು.

ಎರಡನೆಯ ಕಟ್ಟಳೆ, ಎರಡು ಮನೆಗಳ ನಡುವೆ ವ್ಯಾಪಾರ ಕೂಡದು. ದೊಡ್ಡಪ್ಪ ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ತರುತ್ತಿದ್ದರು. ದೊಡ್ಡ ಸಾಬರು ಅದೇ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುತ್ತಿದ್ದರು. ವೃತ್ತಿಯ ಹೊಸತರಲ್ಲಿ ಗೂಡಿನ ದರ ಬರೆದುಕೊಳ್ಳಲು ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ರೀಲರ್‌ಗಳು ಸಾಲಾಗಿ ಬಂದು ಪ್ರತಿ ರೈತನ ರಾಶಿಗೆ ಕೈ ಹಾಕಿ, ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆ ಕೂಗುತ್ತಾರೆ. ದೊಡ್ಡ ಸಾಬರು ಪಕ್ಕದ ರಾಶಿಗೆ ಕೈ ಹಾಕುತ್ತಿದ್ದರು, ಆಚೆ ಪಕ್ಕದ ರಾಶಿಗೂ ಹಾಕುತ್ತಿದ್ದರು. ದೊಡ್ಡಪ್ಪನ ರಾಶಿಯ ಮುಂದೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ಬಾಗಿಸಿ ದಾಟುತ್ತಿದ್ದರು. ದೊಡ್ಡಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು. ಅಷ್ಟೇ. ಗೊತ್ತಿಲ್ಲದವರು ಇಬ್ಬರಿಗೂ ಹಗೆ ಎಂದುಕೊಂಡಿದ್ದರು.

"ವ್ಯಾಪಾರ ಮಾಡುದ್ರೆ ತಾನೆ ಜಗಳ?" ಎಂದು ದೊಡ್ಡಪ್ಪ ಒಮ್ಮೆ ಹೇಳಿದ್ದರು. "ಇವತ್ತು ರೇಟು ಸಾಲ್ದು ಅಂತೀನಿ, ನಾಳೆ ಗೂಡು ಹಸಿ ಐತೆ ಅಂತಾನೆ. ಆಮ್ಯಾಕೆ ಹಬ್ಬಕ್ಕೆ ಅವನ ಮುಖ ನಾನೆಂಗ್ ನೋಡ್ಲಿ?"

ದೊಡ್ಡ ಸಾಬರು ತೀರಿಕೊಂಡರು. ದೊಡ್ಡಪ್ಪ ಹೋಗಿ ಮಣ್ಣು ಹಾಕಿ ಬಂದರು. ಅದಾಗಿ ಕೆಲವೇ ವಾರಕ್ಕೆ ತಪ್ಪು ನಡೆಯಿತು. ನಾನು ಅಲ್ಲೇ ಇದ್ದೆ.

ತಂದೆಯ ಜಾಗದಲ್ಲಿ ಮಗ ಗೂಡು ಕೊಳ್ಳಲು ಬಂದಿದ್ದರು. ಅದುವರೆಗೆ ಅವರು ಮನೆಯಲ್ಲಿ ನೂಲು ಬಿಚ್ಚುವ ಕೆಲಸ ನೋಡಿಕೊಳ್ಳುತ್ತಿದ್ದವರು, ಹರಾಜಿಗೆ ಹೊಸಬರು. ದೊಡ್ಡಪ್ಪನ ಮುಖವನ್ನು ಹತ್ತಿರದಿಂದ ನೋಡಿದ್ದು ಕಡಿಮೆ. ನಮ್ಮ ರಾಶಿಗೆ ಕೈ ಹಾಕಿದರು, ಅಲ್ಲಾಡಿಸಿದರು, ಬೆಲೆ ಕೂಗಿದರು. ಅದಕ್ಕಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲ. ಬೆಲೆ ಒಪ್ಪಿಗೆಯಿಲ್ಲದಿದ್ದರೆ ರೈತ ಬೇಡ ಎನ್ನಬಹುದು, ಮುಂದಿನ ಸುತ್ತಿಗೆ ಕಾಯಬಹುದು. ಹರಾಜು ಕೂಗುವವರು ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ತಲೆಯಾಡಿಸಿ ಒಪ್ಪಿದರು.

ಬಸ್ ನಿಲ್ದಾಣದಲ್ಲಿ ಕೇಳಿದೆ, ಯಾಕೆ ಒಪ್ಪಿದಿರಿ ಎಂದು.

"ಅಷ್ಟು ಜನದ ಮುಂದೆ 'ನಿಂಗೆ ಕೊಡಾಕಿಲ್ಲ' ಅನ್ನಕಾಯ್ತದೇನ್ಲಾ? ಅವ್ರಪ್ಪ ಸತ್ತು ಇನ್ನೂ ಒಸಿ ದಿನ. ಮಾರ್ಕೆಟ್ನಾಗೆ ಹುಡುಗನ ಮರ್ವಾದೆ ಹೋಗ್ತಿತ್ತು."

"ಮತ್ತೆ ಕಟ್ಟಳೆ?"

"ಅದು ಹೋಯ್ತು," ಎಂದರು.

ಆ ವರ್ಷದ ಹಬ್ಬಕ್ಕೆ ರಾಮನಗರದಿಂದ ಯಾರೂ ಬರಲಿಲ್ಲ. ದೊಡ್ಡಪ್ಪ ಕರೆಯಲೂ ಇಲ್ಲ. ಕರೆಸಿಕೊಂಡು ಬರುವವರಲ್ಲ ಅವರು, ಕರೆಯದೆಯೇ ಬರುವುದು ರೂಢಿ. ಊರಿನಲ್ಲಿ ಕುಯ್ಯುವವರು ಬೇಕಾದಷ್ಟು ಜನ ಇದ್ದರು. ದೊಡ್ಡಪ್ಪ ಒಪ್ಪಲಿಲ್ಲ. ಮರಿ ಕಟ್ಟಿದ ಗೂಟದಲ್ಲೇ ಉಳಿಯಿತು. ಎರಡು ಹಬ್ಬ ಹಾಗೆಯೇ ಅನ್ನ, ಕಾಳಿನ ಸಾರು, ಹುರಿಹಿಟ್ಟಿನ ಎಡೆಯಾಯಿತು. ಬಾಡೂಟಕ್ಕೆಂದು ಬೆಂಗಳೂರಿನಿಂದ ಬಂದ ನೆಂಟರು ಕಾಳು ಸಾರು ಉಂಡು ಹೋದರು. "ಈ ಮನೆ ಹಿರೀಕರು ಯಾವಾಗ್ಲಿಂದ ಶೆಟ್ಟರಾದ್ರು?" ಎಂದು ನಮ್ಮ ಚಿಕ್ಕಪ್ಪನ ಮಗ ಕೇಳಿದ್ದು ಊರೆಲ್ಲ ಹಬ್ಬಿತು. ದೊಡ್ಡಪ್ಪನೂ ನಕ್ಕರು. ಪಟ್ಟು ಬಿಡಲಿಲ್ಲ.

೨೦೦೭ರಲ್ಲಿ ಹೊಲ ಹೋಯಿತು. ಬಿಡದಿ ಕಡೆಯಿಂದ ಕಾರ್ಖಾನೆಗಳು ಒಳಗೊಳಗೆ ಬರುತ್ತಿದ್ದ ಕಾಲ. ನಮ್ಮ ಬೆದ್ದಲು ಹೊಲ ಒಂದು ಕಾರ್ಖಾನೆಯ ಪಾಲಾಯಿತು. ಊರಿಗೆ ಹತ್ತಿರವಿದ್ದ ಹಿಪ್ಪುನೇರಳೆ ತೋಟ ಉಳಿಯಿತು. ಭೂಮಿಯ ಬಗ್ಗೆ ದೊಡ್ಡಪ್ಪ ತಕರಾರು ಎತ್ತಲಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ, ಕಲ್ಲು. ಅದು ಕಾಂಪೌಂಡಿನ ಸಾಲಿನಲ್ಲೇ ಇತ್ತು.

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಚಿಕ್ಕ ವಯಸ್ಸಿನವರು, ಸೌಮ್ಯ. ದೊಡ್ಡಪ್ಪ ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, "ಇದು ವೀರಗಲ್ಲು. ಕುದ್ರೆ ಮ್ಯಾಲೆ ಕೂತವ್ನೆ ನಮ್ ತಾತ. ಸುಣ್ಣದ ಒಳಗೈತೆ," ಎಂದರು. ವರ್ಷವರ್ಷ ಬಳಿದ ಸುಣ್ಣ ಕಲ್ಲಿನ ಮೇಲೆ ರೊಟ್ಟಿಯಂತೆ ದಪ್ಪಗೆ ಕೂತಿತ್ತು. ಒಳಗಿನ ಕುದುರೆಯನ್ನು ನೋಡಿದವರು ಯಾರೂ ಇರಲಿಲ್ಲ. ದೊಡ್ಡಪ್ಪನಿಗೆ ಅವರ ಅಪ್ಪ ಹೇಳಿದ್ದು, ಅವರಿಗೆ ಅವರ ಅಪ್ಪ. ಇಂಜಿನಿಯರ್ ಕಲ್ಲನ್ನು ಮುಟ್ಟಿ ನಮಸ್ಕಾರ ಮಾಡಿ, "ಸೋಮವಾರ ಮಷಿನ್ ಬರುತ್ತೆ ಯಜಮಾನ್ರೇ. ಭಾನುವಾರದೊಳಗೆ ತಗೊಂಡ್ ಹೋಗಿ. ಬೇಕಾದ್ರೆ ನಮ್ಮ ಹುಡುಗ್ರನ್ನೇ ಕಳಿಸ್ತೀನಿ," ಎಂದರು.

ದೊಡ್ಡಪ್ಪ ಬೇಡ ಎಂದರು. ಮನೆಗೆ ಬಂದು ಕಾರಣ ಹೇಳಿದರು. ಆ ಕಲ್ಲನ್ನು ನೆಟ್ಟದ್ದು ಇಬ್ಬರು. ತಾತ ಒಂದು ಕಡೆ, ಜೊತೆಗಾರ ಒಂದು ಕಡೆ. ಕೀಳುವಾಗಲೂ ಎರಡು ಮನೆಯ ಕೈ ಬೇಕು. ಇಲ್ಲದಿದ್ದರೆ ತಾವು ಮುಟ್ಟುವುದಿಲ್ಲ, ಮಕ್ಕಳೂ ಮುಟ್ಟಕೂಡದು.

"ಮಷಿನ್ ಮುಟ್ತದೆ," ಎಂದ ಚಿಕ್ಕಪ್ಪನ ಮಗ. "ಅದಕ್ಕೆ ಯಾವ್ ಮನೆ ಕೈನೂ ಬೇಕಿಲ್ಲ."

"ಪಿತೃಪಕ್ಷದಾಗೆ ಯಾರಾದ್ರೂ ಕಲ್ಲು ಕೀಳ್ತಾರಾ?" ಎಂದು ದೊಡ್ಡಮ್ಮ ಬೇರೆ ತಕರಾರು ತೆಗೆದರು.

"ಪಿತೃಗಳ ಕೆಲ್ಸಕ್ಕೆ ಪಿತೃಪಕ್ಷ ಅಲ್ದೆ ಇನ್ಯಾವ ಪಕ್ಷ, ಎಲೆಕ್ಷನ್ನಿಗೆ ನಿಂತ್ಕಳೋ ಪಕ್ಷನಾ?" ಎಂದರು ದೊಡ್ಡಪ್ಪ. ಆಮೇಲೆ ಎದ್ದು ಹಿತ್ತಿಲಿಗೆ ಹೋದರು. ಆ ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ ಎಂದು ದೊಡ್ಡಮ್ಮ ಹೇಳಿದರು.

ರಾಮನಗರಕ್ಕೆ ಹೋಗಿ ಕರೆಯಲು ದೊಡ್ಡಪ್ಪ ತಯಾರಿರಲಿಲ್ಲ. ತಾವು ಹೋದರೆ ಹುಡುಗ ಮಾಡಿದ ತಪ್ಪನ್ನು ಎತ್ತಿ ಆಡಿದಂತಾಗುತ್ತದೆ ಎನ್ನುವುದು ಅವರ ವಾದ. ಶನಿವಾರ ಕನಕಪುರದಿಂದ ಅತ್ತೆ ಬಂದರು, ಊರಿಗಲ್ಲ, ನೇರ ರಾಮನಗರಕ್ಕೆ. ನನ್ನ ಕೋಣೆಗೆ ಬಂದು, "ನಡಿ, ಆ ಮನೆ ತೋರ್ಸು," ಎಂದರು.

ಅದು ರಂಜಾನ್ ತಿಂಗಳು. ಓಣಿಯಲ್ಲಿ ಬೇಯುತ್ತಿದ್ದ ಗೂಡಿನ ವಾಸನೆ. ಮನೆಯ ಮುಂದಿನ ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಗಳಿಂದ ಎಳೆ ಎದ್ದು ರಾಟೆಗೆ ಸುತ್ತಿಕೊಳ್ಳುತ್ತಿತ್ತು. ದೊಡ್ಡ ಸಾಬರ ಮಗ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ಅತ್ತೆಯನ್ನು ನೋಡಿ ಅಲ್ಲೇ ನಿಂತರು.

"ಏನಪ್ಪಾ, ನಮ್ಮನೆ ದಾರಿ ಮರ್ತುಬುಟ್ಯಾ?" ಎಂದರು ಅತ್ತೆ.

"ಮರ್ತಿಲ್ಲ ಅಕ್ಕ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋ ಮುಖನೇ ಇಟ್ಕೊಂಡು ಬಾ. ನಿಮ್ಮಪ್ಪಂಗೂ ಅದೇ ಇದ್ದಿದ್ದು."

ಒಳಗೆ ಚಾಪೆಯ ಮೇಲೆ ಅವರ ತಾಯಿ ಕೂತಿದ್ದರು. ನಮ್ಮನ್ನು ಕೂರಿಸಿದರು. ತಾವು ಉಪವಾಸವಿದ್ದರೂ ನಮಗೆ ಟೀ ತರಿಸಿದರು. ಅತ್ತೆ ಬೇಡ ಎಂದರೂ ಕೇಳಲಿಲ್ಲ.

"ಅವತ್ತು ಸಂಜೆ ಇವನು ಮನೆಗೆ ಬಂದ," ಎಂದು ತಾಯಿ ಶುರು ಮಾಡಿದರು. "ಅಮ್ಮೀ, ಮಾಗಡಿ ಕಡೆ ಗೂಡು ಸಿಕ್ತು, ಬಂಗಾರದಂಗೈತೆ ಅಂದ. ಯಾರ್ದೋ ಅಂದೆ. ಹೇಳ್ದ. ಅವತ್ತು ಇವನಿಗೆ ನಾನು ಅನ್ನ ಇಕ್ಕಲಿಲ್ಲ ಅಕ್ಕ. ನಿಮ್ಮಪ್ಪ ಇಷ್ಟು ವರ್ಷ ಕೈ ಕಟ್ಕೊಂಡು ದಾಟಿದ ರಾಶಿಗೆ ನೀನು ಕೈ ಹಾಕ್ದಾ ಅಂದೆ."

"ನಂಗೆ ಯಾರೂ ಹೇಳಿರ್ಲಿಲ್ಲ," ಎಂದರು ಮಗ. "ಅಬ್ಬಾ ಹಬ್ಬಕ್ಕೆ ಹೋಗ್ತಿದ್ದಿದ್ದು ಗೊತ್ತಿತ್ತು. ಮಾರ್ಕೆಟ್ ವಿಷ್ಯ ಗೊತ್ತಿರ್ಲಿಲ್ಲ. ಆ ನೂಲು ಮಾರೋಕೆ ನಂಗೆ ಮನ್ಸೇ ಬರ್ಲಿಲ್ಲ ಅಕ್ಕ."

"ಮಾರಿದ್ಯಲ್ಲ, ಒಳ್ಳೆ ರೇಟಿಗೆ," ಎಂದರು ತಾಯಿ.

"ಮಾರ್ದೆ. ಮನ್ಸು ಬರ್ಲಿಲ್ಲ ಅಂತ ಹೇಳ್ದೆ, ಅಷ್ಟೇ."

ಅತ್ತೆ ನಕ್ಕುಬಿಟ್ಟರು. ಬಂದ ಕೆಲಸ ಹೇಳಿದರು. ಹೊಲ ಹೋದದ್ದು, ಸೋಮವಾರ ಮಷಿನ್ ಬರುವುದು, ತಮ್ಮನು ಕಲ್ಲು ಮುಟ್ಟದೆ ಕೂತಿರುವುದು. ಕೊನೆಗೆ, "ನಿಮ್ಮೋರು ನಮ್ಮೋರ್ನ ಹೊತ್ಕೊಂಡು ಬರ್ದೆ ಹೋಗಿದ್ರೆ ನಮ್ಮನೇನೇ ಇರ್ತಿರ್ಲಿಲ್ಲ ಕಣವ್ವ. ನೀವೇ ಬರ್ದೆ ಇದ್ರೆ ಆ ಕಲ್ಲು ಇದ್ರೇನು, ಹೋದ್ರೇನು?" ಎಂದರು.

ತಾಯಿ ಹುಬ್ಬು ಗಂಟಿಕ್ಕಿದರು. "ಯಾರು ಯಾರನ್ನ ಹೊತ್ರು?"

"ನಿಮ್ಮೋರು. ನಮ್ಮೋರ್ನ. ತೊಡೆಗೆ ಏಟು ಬಿದ್ದಿತ್ತಲ್ಲ."

"ಏಟು ಬಿದ್ದಿದ್ದು ನಮ್ಮೋರಿಗೆ ಅಕ್ಕ. ಹೊತ್ತಿದ್ದು ನಿಮ್ಮೋರು. ನಮ್ಮತ್ತೆ ಹೇಳ್ತಿದ್ರು, ಅವರತ್ತೆ ಅವರಿಗೆ ಹೇಳಿದ್ದು. ನಿಮ್ಮ ಗೌಡ್ರು ಹೊತ್ಕೊಂಡು ಹೊಳೆ ದಾಟ್ಸಿದ್ರು, ತಮ್ಮ ಚೀಲದ ಹಿಟ್ಟು ತಿನ್ಸಿದ್ರು. ಅದಕ್ಕೇ ತಾನೆ ನಮ್ಮ ಗಂಡಸ್ರು ವರ್ಷಾವರ್ಷ ಬಂದು ಕುಯ್ದು ಕೊಡೋದು? ಇಲ್ದಿದ್ರೆ ಬೇರೆಯೋರ ಮನೆ ಹಬ್ಬಕ್ಕೆ ಚಾಕು ಹಿಡ್ಕೊಂಡು ಯಾಕೆ ಬರ್ತಾರೆ?"

"ಅಯ್ಯೋ, ಅಂಗಾದ್ರೆ ನಾವು ಜೊತೆಗಾರ ಅಂತ ಎಲೆ ಹಾಕೋದು ಯಾತಕ್ಕೆ?"

"ಅದು ನಿಮ್ಮ ದೊಡ್ಡತನ."

"ದೊಡ್ಡತನ ಏನ್ ಬಂತು, ಋಣ ಕಣವ್ವ. ಹೊತ್ತಿದ್ದು ನಿಮ್ಮೋರು."

"ನಿಮ್ಮೋರು."

ಇಬ್ಬರೂ ಹಟಕ್ಕೆ ಬಿದ್ದರು. ನಾನು ಎರಡು ಕಡೆಯ ಹೇಳಿಕೆಯನ್ನೂ ಸರಿಯಾಗಿ ಕೇಳಿಸಿಕೊಂಡೆ. ಬೆಟ್ಟ ಒಂದೇ, ಹೊಳೆ ಒಂದೇ, ಹುರಿಹಿಟ್ಟೂ ಒಂದೇ. ಹೊತ್ತವನು ಮಾತ್ರ ಬೇರೆ. ಸಾಮಾನ್ಯವಾಗಿ ಎರಡು ಮನೆಯ ಕಥೆಗಳು ಬೇರೆಯಾಗುವುದು ತಮ್ಮವರನ್ನು ಮೇಲೆ ಮಾಡಿಕೊಳ್ಳಲು. ಇಲ್ಲಿ ಎರಡು ಮನೆಯೂ ತಮ್ಮವನನ್ನು ಬೆನ್ನ ಮೇಲೆ ಕೂರಿಸಿ, ಹೊತ್ತ ಪುಣ್ಯವನ್ನು ಎದುರು ಮನೆಗೆ ಬಿಟ್ಟುಕೊಟ್ಟಿದ್ದವು. ಯಾವುದು ನಿಜ ಎಂದು ಗೊತ್ತುಮಾಡುವ ದಾರಿ ನನಗೆ ಆಗಲೂ ಕಾಣಲಿಲ್ಲ, ಈಗಲೂ ಇಲ್ಲ. ಇಬ್ಬರಲ್ಲಿ ಒಬ್ಬ ಇನ್ನೊಬ್ಬನನ್ನು ಹೊತ್ತು ಬೆಟ್ಟ ಇಳಿದ, ಇಬ್ಬರೂ ಬದುಕಿದರು, ಆ ಮೇಲೆ ಯಾರೂ ಅದನ್ನು ಹೇಳಿಕೊಂಡು ಯಾವ ದೊರೆಯ ಮುಂದೆಯೂ ಕೈ ಒಡ್ಡಲಿಲ್ಲ ಎನ್ನುವಷ್ಟರ ಮಟ್ಟಿಗೆ ಎರಡು ಹೇಳಿಕೆಗಳೂ ಕೂಡುತ್ತವೆ.

ಹೊರಡುವಾಗ ಮಗ, "ಬೆಳಿಗ್ಗೆ ಬತ್ತೀನಿ ಅಕ್ಕ," ಎಂದರು.

"ಬಸ್ಸು ಗೊತ್ತೈತಾ?"

"ಅಬ್ಬಾ ಹೋಗ್ತಿದ್ದ ಬಸ್ಸೇ ಅಲ್ವಾ."

ಭಾನುವಾರ ದೊಡ್ಡಪ್ಪ ಹೊಲದಲ್ಲಿ ಬೆಳಗಾಗುವುದಕ್ಕೆ ಮುಂಚಿನಿಂದ ನಿಂತಿದ್ದರು. ದೊಡ್ಡ ಸಾಬರ ಮಗ ಬದುವಿನ ಮೇಲೆ ಬರುವುದು ಕಂಡಾಗ ಟವೆಲ್ಲನ್ನು ಹೆಗಲಿಂದ ತೆಗೆದು ಮತ್ತೆ ಹಾಕಿಕೊಂಡರು.

"ಗೌಡ್ರೇ, ಅವತ್ತು ಮಾರ್ಕೆಟ್ನಲ್ಲಿ..." ಎಂದು ಅವರು ಶುರು ಮಾಡಿದರು.

"ರೇಟು ಚೆನ್ನಾಗೇ ಕೂಗಿದ್ದೆ ಬುಡು," ಎಂದರು ದೊಡ್ಡಪ್ಪ. "ಹಾರೆ ಹಿಡ್ಕೊ."

ಆ ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ಅತ್ತೆ ಹಿಂದಿನ ದಿನದ ಮಾತನ್ನು, ಅಂದರೆ ಆ ಮನೆಯಲ್ಲಿ ಕಥೆ ತಿರುಗುಮುರುಗಾಗಿ ಇರುವುದನ್ನು ಹೇಳಿದಾಗ ದೊಡ್ಡಪ್ಪ ನಂಬಲಿಲ್ಲ. "ಮರ್ವಾದೆಗೆ ಅಂಗಂತಾರೆ ಕಣಕ್ಕ. ಒಳ್ಳೆ ಜನ," ಎಂದರು.

ಎರಡು ಕಡೆಯಿಂದ ಹಾರೆ ಹಾಕಿದರು. ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ದೊಡ್ಡ ಸಾಬರ ಮಗ. ಹಿಂದಿನ ವಾರದ ಮಳೆಗೆ ಮಣ್ಣು ಮೆತ್ತಗಿತ್ತು. ಆದರೂ ಕಲ್ಲು ಸುಲಭಕ್ಕೆ ಜಗ್ಗಲಿಲ್ಲ. ಉಪವಾಸದ ಮನುಷ್ಯ, ಒಂದು ಗುಟುಕು ನೀರಿಲ್ಲ. ಒಸಿ ಕೂತ್ಕೊ ಎಂದು ದೊಡ್ಡಪ್ಪ ಹೇಳಿದರು, ಅವರು ಕೂರಲಿಲ್ಲ. ಕಲ್ಲು ಅಲುಗಿ ಒಂದು ಕಡೆಗೆ ವಾಲಿದಾಗ ಹಗ್ಗ ಬಿಗಿದು ಎಳೆದೆವು. ಅದು ನೆಲಕ್ಕೆ ಮಲಗಿದ ರಭಸಕ್ಕೆ ಸುಣ್ಣದ ಪದರು ದೊಡ್ಡ ಹಾಳೆಯಾಗಿ ಕಳಚಿ ಬಿತ್ತು.

ಅಷ್ಟರಲ್ಲಿ ಇಂಜಿನಿಯರ್ ಕೂಡ ಬಂದಿದ್ದರು, ಕುದುರೆ ನೋಡಲು. ಅತ್ತೆ ಬಿಂದಿಗೆಯಲ್ಲಿ ನೀರು ಸುರಿದು ತೆಂಗಿನ ನಾರಿನಿಂದ ತಿಕ್ಕಿದರು. ಕುದುರೆ ಬರಲಿಲ್ಲ. ಕತ್ತಿ ಹಿಡಿದ ವೀರನೂ ಬರಲಿಲ್ಲ. ಬಂದದ್ದು ಒಂದು ಉದ್ದನೆಯ ಗುಳಿ, ಅಂಗೈಯಷ್ಟು ಅಗಲ, ಎಣ್ಣೆ ಹಚ್ಚಿದಂತೆ ನುಣುಪು. ಕಲ್ಲನ್ನು ಮಗುಚಿ ಇನ್ನೊಂದು ಮುಖ ತೊಳೆದರು. ಅಲ್ಲೂ ಅಂಥದೇ ಗುಳಿ, ಸ್ವಲ್ಪ ಕಡಿಮೆ ಆಳ. ಹಳ್ಳಿಯಲ್ಲಿ ಬೆಳೆದ ಯಾರಿಗೂ ಅದೇನೆಂದು ಹೇಳಬೇಕಾಗಿರಲಿಲ್ಲ. ಕುಡುಗೋಲು, ಮಚ್ಚು ಮಸೆಯುವ ಕಲ್ಲು ಎಲ್ಲರ ಹಿತ್ತಿಲಲ್ಲೂ ಇರುತ್ತದೆ. ಇದು ಅದೇ, ದೊಡ್ಡದು. ಕತ್ತಿ ಮಸೆಯುವಷ್ಟು ಉದ್ದದ್ದು.

ಇಂಜಿನಿಯರ್ ಬಗ್ಗಿ ಗುಳಿಯನ್ನು ನೋಡಿದರು.

"ಯಜಮಾನ್ರೇ, ಕುದುರೆ?" ಎಂದರು ಇಂಜಿನಿಯರ್, ಮೆಲ್ಲಗೆ.

"ಮೇಯಾಕ್ ಹೋಗೈತೆ," ಎಂದರು ದೊಡ್ಡಪ್ಪ.

ಎಲ್ಲರಿಗಿಂತ ಮೊದಲು ನಕ್ಕವರು ದೊಡ್ಡ ಸಾಬರ ಮಗ. ಆಮೇಲೆ ಅತ್ತೆ. ದೊಡ್ಡಪ್ಪ ನಗಲಿಲ್ಲ. ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಗುಳಿಯ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಿದ್ದರು.

"ಮಸೆಗಲ್ಲಿಗಾ ಇಷ್ಟು ವರ್ಷ ಎಡೆ ಇಕ್ಕಿದ್ದು? ಇಲ್ಲೇ ಬುಡಿ ಅತ್ತಾಗೆ," ಎಂದ ಚಿಕ್ಕಪ್ಪನ ಮಗ.

"ಆಯುಧಪೂಜೇಲಿ ನಿನ್ ಸ್ಕೂಟ್ರಿಗೆ ಕುಂಬ್ಳಕಾಯಿ ಒಡೀತೀಯಲ್ಲ, ಅದೇನ್ ನಿಮ್ ಮುತ್ತಾತನಾ?" ಎಂದರು ಅತ್ತೆ.

ದೊಡ್ಡಪ್ಪ ತಲೆ ಎತ್ತದೆ ಹೇಳಿದರು. "ವೀರಗಲ್ಲು ನೆಡೋದು ಸತ್ತೋರಿಗೆ. ಇವ್ರು ಸತ್ತಿಲ್ವಲ್ಲ. ಬದುಕಿ ಬಂದು ಉತ್ಕೊಂಡು ತಿಂದ್ರು. ನಾವೇ ಕುದ್ರೆ ಹತ್ತುಸ್ಬುಟ್ಟೋ." ಆಮೇಲೆ ಅತ್ತೆಯ ಕಡೆ ತಿರುಗಿ, "ಎರಡು ಕಡೆ ಯಾಕಕ್ಕ?" ಎಂದರು.

"ಇಬ್ರು ಇದ್ರಲ್ಲ. ಎದುರು ಬದುರು ಕೂತು ಮಸೀತಿದ್ರು," ಎಂದರು ಅತ್ತೆ.

ಒಬ್ಬನೇ ಎರಡು ಕಡೆ ಮಸೆದಿರಲೂಬಹುದು. ಅಲ್ಲಿ ನಾನು ಅದನ್ನು ಹೇಳಲಿಲ್ಲ.

ಕಲ್ಲನ್ನು ಟ್ರ್ಯಾಕ್ಟರ್‌ಗೆ ಏರಿಸಿ ಮನೆಗೆ ತಂದು, ಹಿಪ್ಪುನೇರಳೆ ತೋಟದ ಬಾಗಿಲಲ್ಲಿ ಇಳಿಸಿದೆವು. ನೆಡಬೇಕೋ ಮಲಗಿಸಬೇಕೋ ಎಂಬ ಚರ್ಚೆ ನಡೆಯಿತು. ದೊಡ್ಡಪ್ಪ ಪಕ್ಕೆಯ ಮೇಲೆ ಮಲಗಿಸಿ ಎಂದರು, ಎರಡು ಕಡೆಯ ಗುಳಿಯಲ್ಲೂ ಮಸೆಯಲು ಬರುವಂತೆ. ಸುಣ್ಣ ಬಳಿಯಲಿಲ್ಲ.

ಅಮಾವಾಸ್ಯೆಯ ದಿನ ದೊಡ್ಡ ಸಾಬರ ಮಗ ಮೊದಲ ಬಸ್ಸಿಗೆ ಬಂದಿಳಿದರು. ಕೈಕಾಲು ತೊಳೆದು, ತಂದೆಯ ಚಾಕು ತೆಗೆದು, ಒಂದು ಕ್ಷಣ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಚೊಂಬಿನಿಂದ ಕಲ್ಲಿನ ಮೇಲೆ ನೀರು ಚಿಮುಕಿಸಿದರು. ಅವರು ಕೂತು ಚಾಕುವನ್ನು ಗುಳಿಯಲ್ಲಿ ಎಳೆದರು. ಆ ಶಬ್ದ ಅಡುಗೆಮನೆಯವರೆಗೂ ಕೇಳಿಸಿತು.

"ಹಿಡೀತೈತಾ?" ಎಂದು ಕೇಳಿದರು ದೊಡ್ಡಪ್ಪ.

"ಹಿಡೀತೈತೆ ಗೌಡ್ರೇ. ಹೊಸದಕ್ಕಿಂತ ಚೆನ್ನಾಗೈತೆ."

"ಇರ್ಲಿ, ಇನ್ನೊಂದು ಕಡೆನೂ ಒಂದು ಸಲ ಎಳಿ. ಇನ್ನೊಬ್ಬ ಬೇಜಾರ್ ಮಾಡ್ಕೊಂಡಾನು."

ಆ ದಿನ ಎಡೆಯ ಎರಡು ಎಲೆಗಳೂ ಮೊದಲಿನಂತೆ ತುಂಬಿದವು. ಉಪವಾಸವಿದ್ದುದರಿಂದ ದೊಡ್ಡ ಸಾಬರ ಮಗ ಏನೂ ತಿನ್ನಲಿಲ್ಲ. ತಮ್ಮ ಪಾಲನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು, ಸೂರ್ಯ ಮುಳುಗುವುದರೊಳಗೆ ರಾಮನಗರ ಮುಟ್ಟುವ ಬಸ್ಸು ಹಿಡಿದರು. ಡಬ್ಬಿಯ ಮೇಲೆ ಅತ್ತೆ ಒಂದು ಹುರಿಹಿಟ್ಟಿನ ಪೊಟ್ಟಣ ಇಟ್ಟರು. "ನಿಮ್ಮವ್ವಂಗೆ ಹೇಳು," ಎಂದರು, "ಇದು ನಿಮ್ಮೋರ ಚೀಲದ್ದು."

ಮರುದಿನ ಮಧ್ಯಾಹ್ನ ಆ ಡಬ್ಬಿ ನನ್ನ ಕೋಣೆಗೆ ವಾಪಸು ಬಂತು, ಒಳಗೆ ಖರ್ಜೂರ. ಡಬ್ಬಿ ತಂದ ದೊಡ್ಡ ಸಾಬರ ಮಗ ತಾಯಿಯ ಮಾತನ್ನೂ ತಂದಿದ್ದರು. "ನಿಮ್ಮೋರ ಚೀಲದ್ದು ಅಂತ ಹೇಳೋಕೆ ಹೇಳಿದಾರೆ."

ಮುಂದಿನ ಎರಡು ವರ್ಷವೂ ಹಬ್ಬ ರಂಜಾನ್ ತಿಂಗಳಲ್ಲೇ ಬಿತ್ತು. ಎರಡು ವರ್ಷವೂ ಊಟ ಡಬ್ಬಿಯಲ್ಲಿ ಹೋಯಿತು. ಈ ಮಧ್ಯೆ ಕಾರ್ಖಾನೆಯ ಗೋಡೆ ಎದ್ದಿತು. ಹೊಲವಿದ್ದ ಕಡೆಯಿಂದ ಈಗ ಸಾವನದುರ್ಗದ ಮೇಲರ್ಧ ಮಾತ್ರ ಕಾಣುತ್ತದೆ. ಚಿಕ್ಕಪ್ಪನ ಮಗ ಅಲ್ಲೇ ಕೆಲಸಕ್ಕೆ ಸೇರಿದ್ದಾನೆ. ಅತ್ತೆಗೆ ಮಂಡಿ ನೋವು, ಕನಕಪುರದಿಂದ ಬಸ್ಸಿನಲ್ಲಿ ಬರುವುದು ಕಷ್ಟ. ಆದರೂ ಬರುತ್ತಾರೆ.

೨೦೧೦ರಲ್ಲಿ ಹಬ್ಬ ರಂಜಾನ್ ಮುಗಿದ ಮೇಲೆ ಬಂತು. ಆ ಸಲ ದೊಡ್ಡ ಸಾಬರ ಮಗ ತಾಯಿಯನ್ನೂ ಕರೆದುಕೊಂಡು ಬಂದರು. ಎಡೆಯಾದ ಮೇಲೆ ಎಲ್ಲರ ಜೊತೆ ಜಗಲಿಯಲ್ಲಿ ಕೂತು ಉಂಡರು. ಯಾರು ಯಾರನ್ನು ಹೊತ್ತರು ಎನ್ನುವುದು ಇಬ್ಬರು ಹೆಂಗಸರ ನಡುವೆ ಮತ್ತೆ ಚರ್ಚೆಗೆ ಬಂತು, ತೀರ್ಮಾನವಾಗಲಿಲ್ಲ.

ಹಬ್ಬ ಕಳೆದ ವಾರ ದೊಡ್ಡಪ್ಪ ರಾಮನಗರದ ಮಾರುಕಟ್ಟೆಗೆ ಗೂಡು ತಂದರು. ದೊಡ್ಡ ಸಾಬರ ಮಗ ಪಕ್ಕದ ರಾಶಿಗೆ ಕೈ ಹಾಕಿ ಬೆಲೆ ಕೂಗಿದರು. ದೊಡ್ಡಪ್ಪನ ರಾಶಿಯ ಮುಂದೆ ಬಂದಾಗ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದಾಟಿದರು. ಗೂಡನ್ನು ಚನ್ನಪಟ್ಟಣದ ರೀಲರ್ ಒಬ್ಬರು ಕೊಂಡರು.